ಕೂಡಿಸದೆ ಬಿಟ್ಟ ಒಂದು ಕೆ.ಜಿ.

ನಲವತ್ತೈದು ಕೆ.ಜಿ. ಒತ್ತಡದ ಹಬೆ ಚಿಮ್ಮುತ್ತಿದ್ದ ತೂತನ್ನು ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಬಲಗೈಯಲ್ಲಿದ್ದ ಚಹಾವನ್ನು ಒಂದು ಹನಿಯೂ ತುಳುಕಿಸದೆ ಕುಡಿದು ಮುಗಿಸಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಆತ ನಾನು. ನಂಬದವರು ಬಂದು ಹೆಬ್ಬೆರಳು ನೋಡಬಹುದು. ತುದಿ ಚಪ್ಪಟೆಯಾಗಿದೆ, ಗೆರೆಗಳೆಲ್ಲ ಅಳಿಸಿ ಗಾಜಿನಂತೆ ಹೊಳೆಯುತ್ತದೆ. ಬೆರಳಚ್ಚು ತೆಗೆಯುವವರು ಇವತ್ತಿಗೂ ಅದನ್ನು ಕಂಡು ಕೈಮುಗಿದು ಪಕ್ಕದ ಬೆರಳನ್ನು ಕೇಳುತ್ತಾರೆ.

ನನ್ನ ಹೆಸರು ಮೌನೇಶ ಪತ್ತಾರ. ಹಿರೇತೊರೆಯ ಸಕ್ಕರೆ ಕಾರ್ಖಾನೆಯಲ್ಲಿ ಗೇಜ್ ಮಿಸ್ತ್ರಿ. ಈ ಹೆಸರು ಇಟ್ಟವರು ಕೂಸಿನ ಬಾಯಿ ನೋಡಿರಲಿಲ್ಲ ಎನ್ನುವುದು ನನ್ನ ಹೆಂಡತಿ ಕಸ್ತೂರಿಯ ಅಭಿಪ್ರಾಯ.

ಗೇಜ್ ಎಂದರೆ ಗಡಿಯಾರದಂಥ ಮುಖ, ಒಂದೇ ಮುಳ್ಳು. ಒಳಗೆ ಬೆಕ್ಕಿನ ಬಾಲದಂತೆ ಬಾಗಿದ ಹಿತ್ತಾಳೆಯ ಕೊಳವೆ. ಹಬೆ ನುಗ್ಗಿದರೆ ಕೊಳವೆ ನೆಟ್ಟಗಾಗಲು ನೋಡುತ್ತದೆ, ಮುಳ್ಳು ಸರಿಯುತ್ತದೆ. ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಎಷ್ಟು ಕೆ.ಜಿ. ಭಾರ ಬಿತ್ತು ಎಂಬುದೇ ಒತ್ತಡ. ಬಾಯ್ಲರ್ ಮನೆಯವರು ನಾವು ಆ ಚದರ ಸೆಂಟಿಮೀಟರನ್ನು ನುಂಗಿ ಬರೀ ಕೆ.ಜಿ. ಅನ್ನುತ್ತೇವೆ. ಸುಳ್ಳು ಹೇಳಿದ ಗೇಜನ್ನು ನನ್ನ ತೂಕದ ಯಂತ್ರಕ್ಕೆ ಏರಿಸುತ್ತೇನೆ. ಕೆಳಗೆ ಎಣ್ಣೆ, ಎಣ್ಣೆಯ ಮೇಲೆ ಉಕ್ಕಿನ ಕಂಬಿ, ಕಂಬಿಯ ಮೇಲೆ ತೂಕದ ಬಿಲ್ಲೆಗಳು. ಭಾರವನ್ನು ಜಾಗದಿಂದ ಭಾಗಿಸಿದರೆ ಬಂದದ್ದೇ ಒತ್ತಡ. ಅಲ್ಲಿ ವಾದವಿಲ್ಲ, ವಕೀಲರಿಲ್ಲ. ಏಳು ಜಿಲ್ಲೆಯ ಗೇಜುಗಳು ನನ್ನನ್ನು ಕಂಡರೆ ಮುಳ್ಳೆತ್ತಿ ನಮಸ್ಕಾರ ಮಾಡುತ್ತವೆ.

ಇಂಥ ನನಗೆ ಒಬ್ಬ ಷಡ್ಡಕನಿದ್ದಾನೆ. ಕಸ್ತೂರಿಯ ತಂಗಿ ದಾಕ್ಷಾಯಣಿಯ ಗಂಡ, ನಾಗಲಿಂಗ. ಊರ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕ. ಹತ್ತು ಮಾತಾಡುವಲ್ಲಿ ಅರ್ಧ ಮಾತಾಡಿ ಉಳಿದದ್ದಕ್ಕೆ ನಕ್ಕುಬಿಡುವ ಮನುಷ್ಯ. ಮಾವನ ಮನೆಯಲ್ಲಿ ದೀಪಾವಳಿಗೆ ಅಳಿಯಂದಿರನ್ನು ಕೂರಿಸಿ ಬಡಿಸುವಾಗ ಹೋಳಿಗೆಯ ಮೇಲೆ ಮೊದಲ ಚಮಚ ತುಪ್ಪ ಬೀಳುವುದು ಹಿರಿಯಳಿಯನಾದ ನನಗೆ. ಹದಿನಾರು ವರ್ಷ ಹಾಗೇ ಬಿದ್ದಿತ್ತು. ಆ ತುಪ್ಪದ ಚಮಚ ನನ್ನ ಎಲೆಯ ಕಡೆ ತಿರುಗುವುದನ್ನು ನೋಡಲು ಪಕ್ಕದ ಓಣಿಯ ಜನ ಕಿಟಕಿಯಲ್ಲಿ ನಿಲ್ಲುತ್ತಿದ್ದರು ಎಂದರೆ ನೀವು ನಂಬಬೇಕು.

ಆಮೇಲೆ ನಾಗಲಿಂಗ ನವಿಲುಪಟ್ಟಿ ಮಾಡಿದ.

ನೋಡಲು ಅದು ಬಾಲ್‌ಪೆನ್ನಿನ ಕ್ಯಾಪಿನಷ್ಟು ಉದ್ದದ ತೆಳು ಹಾಳೆ. ಹಾಳೆಯ ತುಂಬ ಧೂಳಿನ ಕಣಕ್ಕಿಂತ ಸಣ್ಣ ಗುಳ್ಳೆಗಳು, ಕೋಟಿಗಟ್ಟಲೆ. ಪ್ರತಿ ಗುಳ್ಳೆಯೊಳಗಿನ ಗಾಳಿಯನ್ನೂ ಹೀರಿ ತೆಗೆದು ಬಾಯಿ ಮುಚ್ಚಿದ್ದ. ಮೇಲಿನಿಂದ ಒತ್ತಡ ಬಿದ್ದಂತೆ ಗುಳ್ಳೆ ಚಪ್ಪಟೆಯಾಗುತ್ತದೆ, ಹಾಳೆ ತೆಳುವಾಗುತ್ತದೆ, ಸಾಬೂನಿನ ಗುಳ್ಳೆಯಲ್ಲಿ ಆಗುವಂತೆ ಬಣ್ಣ ಬದಲಾಗುತ್ತದೆ. ಒತ್ತಡ ತೆಗೆದರೆ ಮೊದಲಿನ ಬಣ್ಣ. ಮುಳ್ಳಿಲ್ಲ, ಕೊಳವೆಯಿಲ್ಲ, ಮಿಸ್ತ್ರಿಯೂ ಬೇಕಿಲ್ಲ.

ಮೊದಮೊದಲು ಅಂಕಿಯಿಲ್ಲದ ಪಟ್ಟಿಗಳನ್ನು ಪುಕ್ಕಟೆ ಹಂಚಿದ. ಊರು ಹುಚ್ಚಾಯಿತು. ಗರಡಿಯವರು ಅಂಗೈ ನಡುವೆ ಪಟ್ಟಿ ಇಟ್ಟು ಕೈ ಕುಲುಕಿ ಯಾರ ಹಿಡಿತ ಕೆಂಪು, ಯಾರದು ಬರೀ ಕಿತ್ತಳೆ ಎಂದು ಜಗಳಾಡಿದರು. ಸೈಕಲ್ ಅಂಗಡಿಯ ಬಾಬಾಲಾಲ ಟ್ಯೂಬಿನ ಮುಚ್ಚಳಕ್ಕೆ ಗಾಜು ಕೂರಿಸಿ ಒಳಗೆ ಪಟ್ಟಿ ಹಾಕಿದ. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರು ಹುಡುಗಿಯ ಕೈಗೆ ಪಟ್ಟಿ ಕೊಟ್ಟು ಚಪಾತಿ ಹಿಟ್ಟು ನಾದಿಸಿದರಂತೆ. ಹುಡುಗಿ ಅದೇ ಪಟ್ಟಿಯನ್ನು ಗಂಡಿನ ಕೈಗೆ ಕೊಟ್ಟು, ‘ನೀವೂ ಒಂದು ಉಂಡಿ ನಾದ್ರಿ, ಬಣ್ಣ ನೋಡೂಣು’ ಅಂದಳಂತೆ. ಮದುವೆ ಮುರಿದುಬಿತ್ತು. ಇಬ್ಬರ ಬಣ್ಣವೂ ಒಂದೇ ಬಂದಿತ್ತು, ಅದೇ ಗಂಡಿನವರಿಗೆ ಸಿಟ್ಟು.

ನನಗೆ ಹೊಟ್ಟೆಕಿಚ್ಚು ಇರಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ. ಕಿಚ್ಚು ಎನ್ನುವುದು ಬಾಯ್ಲರಿನಲ್ಲಿ ಇರತಕ್ಕದ್ದು.

ಆ ದೀಪಾವಳಿಗೆ ನಾನು, ನಾಗಲಿಂಗ ಪಕ್ಕಪಕ್ಕ ಕೂತಿದ್ದೆವು. ಅತ್ತೆ ನೀಲವ್ವ ತುಪ್ಪದ ಗಿಂಡಿ ಹಿಡಿದು ಬಂದರು. ನಾನು ಹೋಳಿಗೆಯ ನಡುವೆ ಬೆರಳಿನಿಂದ ಗುಂಡಿ ಮಾಡಿಟ್ಟು ಕಾದೆ. ಚಮಚ ನನ್ನ ಎಲೆಯ ಮೇಲಿನಿಂದ ಹಾದು ಆ ಕಡೆ ಹೋಯಿತು.

“ಹಾಕ್ಕೋರಿ ನಾಗಲಿಂಗಪ್ಪ, ಬ್ಯಾಡ ಅನಬ್ಯಾಡ್ರಿ. ಊರಿಗೆಲ್ಲಾ ನವಿಲು ಕುಣಿಸಿದ ಕೈ ಇದು.”

“ಮೊದಲ ಅಣ್ಣಾರಿಗೆ ಹಾಕ್ರಿ ಅತ್ತಿ,” ಅಂದ ನಾಗಲಿಂಗ.

“ಅವರಿಗೇನು, ಅವರು ಮನಿಯವರ ಅದಾರಲ್ಲ!”

ಮನೆಯವರು. ಹದಿನಾರು ವರ್ಷದ ಅಳಿಯತನ ಆ ಒಂದು ಶಬ್ದದಲ್ಲಿ ಮುಗಿಯಿತು. ಬೆರಳಿನಿಂದ ಮಾಡಿದ್ದ ಗುಂಡಿಯನ್ನು ನಾನೇ ಮುಚ್ಚಿ ಹೋಳಿಗೆ ತಿಂದೆ. ಆ ದಿನ ನಾನು ಸಿಟ್ಟಿನಲ್ಲಿ ತಿಂದದ್ದು ಇಪ್ಪತ್ತೇಳು ಹೋಳಿಗೆ. ಕಸ್ತೂರಿ ನಾಲ್ಕು ಅನ್ನುತ್ತಾಳೆ. ಅವಳಿಗೆ ಎಣಿಸಲು ಬರುವುದಿಲ್ಲ.

ಮರುವಾರ ನಾಗಲಿಂಗ ನಮ್ಮ ಮನೆಗೆ ಬಂದ. ಕೈಯಲ್ಲಿ ಒಂದು ರಟ್ಟಿನ ಡಬ್ಬಿ, ಮುಖದಲ್ಲಿ ಸಂಕೋಚ.

“ಅಣ್ಣಾರ, ನಿಮ್ಮಿಂದ ಒಂದು ಕೆಲಸ ಆಗಬೇಕಿತ್ತು. ನಿಮ್ಮ ಕಾರ್ಖಾನಿಯವರು ಪಟ್ಟಿ ಪರೀಕ್ಷಾ ಮಾಡ್ತಾರಂತ. ಗೆದ್ದರ ಪಾಕ ಕುದಿಸೂ ಎಲ್ಲಾ ಪ್ಯಾನಿಗೂ ಇದನ್ನ ಹಾಕ್ತಾರ, ನನಗ ಸ್ವಂತದ್ದೊಂದು ಪ್ರಯೋಗಾಲಯ ಕೊಡ್ತಾರ. ಯಾವ ಬಣ್ಣಕ್ಕ ಎಷ್ಟು ಒತ್ತಡ ಅನ್ನೂ ತಖ್ತೆ ಮಾಡಿಕೊಡ್ರಿ.”

“ನಿನ್ನ ಪಟ್ಟಿ, ನಿನ್ನ ಬಣ್ಣ. ನೀನ ಮಾಡ್ಕೋ.”

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ನನಗ ಹಸಿರು, ಕಿತ್ತಳಿ, ಕೆಂಪು ಎಲ್ಲಾ ಒಂದ ಕಾಣತಾವ್ರಿ. ಹುಟ್ಟಿದಾಗಿಂದ. ನೀಲಿ ಒಂದು ಗೊತ್ತಾಗತೈತಿ. ದಾಕ್ಷಿಗೆ ಬಿಟ್ಟರ ಯಾರಿಗೂ ಹೇಳಿಲ್ಲ. ಲೆಕ್ಕದಾಗ ಬಣ್ಣ ಬರೂಹಂಗ ಮಾಡೀನಿ, ಕಣ್ಣಿಲೆ ನೋಡಿಲ್ಲ. ಗುಳ್ಳಿ ಮಾಡುವಾಗ ಪ್ರತಿ ಸಲಾನೂ ಸ್ವಲ್ಪ ಹೆಚ್ಚುಕಮ್ಮಿ ಆಗತಾವ. ಅದಕ್ಕ ಯಂತ್ರದ ಮ್ಯಾಲೆ ಇಟ್ಟು, ಕಣ್ಣಿಲೆ ನೋಡಿ ಬರೀಬೇಕು. ನಿಮ್ಮ ಯಂತ್ರ, ನಿಮ್ಮ ಕಣ್ಣು. ನನಗ ಬ್ಯಾರೆ ಯಾರ ಮ್ಯಾಲೂ ನಂಬಿಗಿ ಇಲ್ಲ.”

ಊರಿಗೆಲ್ಲ ಬಣ್ಣ ಹಂಚಿದವನಿಗೆ ಬಣ್ಣವೇ ಕಾಣುವುದಿಲ್ಲ! ನನಗೆ ಆ ಕ್ಷಣ ಎರಡು ಚಮಚ ತುಪ್ಪ ಬಿದ್ದಷ್ಟು ತಂಪಾಯಿತು.

“ಒಂದು ಮಾತು ಲಕ್ಷ್ಯದಾಗ ಇರಲಿ ಅಣ್ಣಾರ,” ಅಂದ. “ನಿಮ್ಮ ಗೇಜು ಹೊರಗಿನ ಗಾಳಿಗಿಂತ ಒಳಗಿನ ಒತ್ತಡ ಎಷ್ಟು ಹೆಚ್ಚು ಅನ್ನೂದನ್ನ ಹೇಳತೈತಿ. ಅದಕ್ಕ ಹೊರಗಿನ ಗಾಳಿ ಅಂದರ ಸೊನ್ನಿ. ಆದರ ಗಾಳಿಗೂ ಭಾರ ಐತಿ, ಸುಮಾರು ಒಂದು ಕೆ.ಜಿ. ನನ್ನ ಗುಳ್ಳಿ ಒಳಗ ಏನೂ ಇಲ್ಲ. ಅದು ಯಾರ ಜೋಡಿನೂ ಹೋಲಿಸಿ ನೋಡೂದಿಲ್ಲ, ಸೊನ್ನಿಯಿಂದ ಎಣಿಸತೈತಿ. ಹಂಗಾಗಿ ನಿಮ್ಮ ಗೇಜಿನ ಅಂಕಿಗೆ ಒಂದು ಕೂಡಿಸಿ ಬರೀಬೇಕು.”

“ನನಗ ಕಲಸ್ತೀಯೇನು? ಬಾಯ್ಲರಿನ ಹೊಟ್ಟಿಯಾಗ ಹುಟ್ಟಿದವ ನಾನು.”

“ಹಂಗಲ್ರಿ ಅಣ್ಣಾರ...” ಎಂದು ನಕ್ಕ. ಅವನ ಆ ನಗುವಿಗೆ ಒಂದು ಗೇಜ್ ಹಾಕಿ ನೋಡಬೇಕು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಭಾನುವಾರ ನಮ್ಮ ಪಡಸಾಲೆಯಲ್ಲೇ ಪರೀಕ್ಷೆ ಹೂಡಿದೆ. ಸ್ಟೌ ಮೇಲೆ ಒಂದು ಗಟ್ಟಿ ಹಬೆಪಾತ್ರೆ. ಅದರ ಗೇಜನ್ನು ನನ್ನ ತೂಕದ ಯಂತ್ರದಲ್ಲಿ ಪಳಗಿಸಿ ತಂದಿದ್ದೆ. ಪಾತ್ರೆಯ ಮುಚ್ಚಳದಲ್ಲಿ ಗಾಜಿನ ಕಣ್ಣು, ಅದರ ಒಳಮೈಗೆ ನವಿಲುಪಟ್ಟಿ. ಪಕ್ಕದಲ್ಲಿ ಗಾಳಿ ಹೀರುವ ಕೈಪಂಪು, ಉಷ್ಣಮಾಪಕ. ಅದನ್ನು ಓದುವ ಕೆಲಸ ಕಸ್ತೂರಿಗೆ.

“ಒತ್ತಡ ನೋಡಾಕ ಕೂತು ಬಿಸಿ ಯಾಕ ಅಳೀಬೇಕ್ರಿ?” ಎಂದು ಕೇಳಿದಳು.

ನಾನು ಅವಳಿಗೆ ತಿಳಿಸಿ ಹೇಳಿದೆ. ಪಾತ್ರೆಯಲ್ಲಿ ನೀರು ಇನ್ನೂ ಉಳಿದಿದ್ದು, ಅದರ ಜೊತೆಯಲ್ಲೇ ಹಬೆ ಇದ್ದರೆ, ಒತ್ತಡ ಮತ್ತು ಬಿಸಿ ಗಂಟು ಹಾಕಿದ ಗಂಡಹೆಂಡಿರು. ಒಂದು ಒತ್ತಡಕ್ಕೆ ಒಂದೇ ಬಿಸಿ. ಬಯಲಿನಲ್ಲಿ ನೀರು ನೂರು ಡಿಗ್ರಿಗೆ ಕುದಿಯುತ್ತದೆ. ಕುಕ್ಕರಿನಲ್ಲಿ ಗಾಳಿಯ ಭಾರಕ್ಕಿಂತ ಒಂದು ಕೆ.ಜಿ. ಹೆಚ್ಚಾದರೆ ನೂರಾಇಪ್ಪತ್ತು. ಎರಡು ಹೆಚ್ಚಾದರೆ ನೂರಾ ಮೂವತ್ತಮೂರು. ಕಾರ್ಖಾನೆಯ ಪ್ಯಾನಿನಲ್ಲಿ ಗಾಳಿಯನ್ನು ಹೀರಿಬಿಟ್ಟು ಕಬ್ಬಿನ ಪಾಕವನ್ನು ಅರವತ್ತೈದಕ್ಕೇ ಕುದಿಸುತ್ತೇವೆ, ಇಲ್ಲವಾದರೆ ಸಕ್ಕರೆ ಸೀದು ಹೋಗುತ್ತದೆ. ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಗುಟ್ಟು ಹೊರಬೀಳುತ್ತದೆ.

“ನಮ್ಮಂಗ,” ಅಂದಳು ಕಸ್ತೂರಿ.

ಅವಳು ಡಿಗ್ರಿ ಕೂಗಿದಳು, ನಾನು ಬಣ್ಣ ನೋಡಿದೆ. ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ ಕಚ್ಚಾ ಬರೆದೆ. ಆಮೇಲೆ ಒಳ್ಳೆಯ ಕಾಗದದ ಮೇಲೆ ಬಣ್ಣದ ಪೆನ್ಸಿಲಿನಿಂದ ಚೊಕ್ಕ ಪ್ರತಿ ಮಾಡಿದೆ. ಎಂಥ ತಖ್ತೆ ಅದು! ಚಿತ್ರಗುಪ್ತ ನೋಡಿದ್ದರೆ ತನ್ನ ದಫ್ತರವನ್ನು ನನಗೆ ಒಪ್ಪಿಸಿ ಊರಿಗೆ ಹೋಗುತ್ತಿದ್ದ. ನಾಗಲಿಂಗ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಣ್ಣಿಗೆ ಒತ್ತಿಕೊಂಡು ಹೋದ.

ಡಿಸೆಂಬರಿನ ಒಂದು ಗುರುವಾರ. ಪರೀಕ್ಷೆ ಮರುದಿನ. ನಾನು ದಾಕ್ಷಾಯಣಿಯ ಖಾನಾವಳಿಗೆ ಊಟಕ್ಕೆ ಹೋದೆ. ಕಾರ್ಖಾನೆಯ ಅರ್ಧ ಜನ ಉಣ್ಣುವುದು ಅಲ್ಲೇ. ದಾಕ್ಷಾಯಣಿ ಮಾತಿನಲ್ಲಿ ಅಕ್ಕನಿಗಿಂತ ಒಂದು ಹಿಡಿ ಖಾರ ಜಾಸ್ತಿ.

“ಬರ್ರಿ ಮಾಮಾರ. ಇವತ್ತ ಎಷ್ಟು ಬಾಯ್ಲರ್ ಎತ್ತಿ ಹೆಗಲಮ್ಯಾಲೆ ಇಟ್ಕೊಂಡ್ರಿ?”

“ಎರಡು. ಮೂರನೇದು ಊಟ ಆದಮ್ಯಾಲೆ.”

ಒಲೆಯ ಮೇಲೆ ಅಂಡೆಯಷ್ಟು ದೊಡ್ಡ ಕುಕ್ಕರ್. ಅದಕ್ಕೆ ಸೀಟಿಯೇ ಇಲ್ಲ. ಮುಚ್ಚಳದಲ್ಲಿ ರೂಪಾಯಿಯಷ್ಟಗಲ ಗಾಜಿನ ಕಣ್ಣು, ಪಕ್ಕದಲ್ಲಿ ಹಬೆ ಬಿಗಿಹಿಡಿಯುವ ಒಂದು ತಿರುಪು. ಗೋಡೆಯ ಮೇಲೆ ಅಚ್ಚು ಹಾಕಿಸಿದ ಒಂದು ಕಾರ್ಡು.

“ನಮ್ಮನಿಯವರದು ಹೊಸಾ ಕುಕ್ಕರ್,” ಅಂದಳು. “ಸೀಟಿ ಎಣಸೂ ಕೆಲಸ ಇಲ್ಲ. ಬಣ್ಣ ನೋಡೂದು, ತಿರುಪು ತಿರುವೂದು. ಊರಾಗ ನಲವತ್ತು ಮನಿಗೆ ಕೊಟ್ಟಾರ. ಏನ್ ಹೇಳ್ಲಿ ಮಾಮಾರ, ತೊಗರಿಬ್ಯಾಳಿ ಕಣ್ಣು ಮುಚ್ಚಿ ತಗಿಯೂದ್ರಾಗ ಕರಗಿ ನೀರಾಗತೈತಿ!”

ಬೇಳೆ ಚೆನ್ನಾಗಿತ್ತು. ಮೂರು ಸಲ ಹಾಕಿಸಿಕೊಂಡೆ. ಕೈ ತೊಳೆಯುವಾಗ ಕಾರ್ಡನ್ನು ಇನ್ನೊಮ್ಮೆ ನೋಡಿದೆ, ಪಾನ್ ಹಾಕಿಕೊಂಡು ಹೊರಟೆ.

ಶುಕ್ರವಾರ ಕಾರ್ಖಾನೆಯ ಪ್ಯಾನಿನ ಮಾಳಿಗೆಯ ಮೇಲೆ ಜಾತ್ರೆಯೇ ನೆರೆದಿತ್ತು. ಹದಿನೈದು ಅಡಿ ಎತ್ತರದ ಉಕ್ಕಿನ ಹೊಟ್ಟೆಯೊಳಗೆ ಪಾಕ ಕುದಿಯುತ್ತಿತ್ತು. ಗಾಜಿನ ಕಿಟಕಿಯ ಒಳಬದಿಗೆ ನವಿಲುಪಟ್ಟಿ. ಚೀಫ್ ಇಂಜಿನಿಯರ್ ಹುದ್ದಾರ ಸಾಹೇಬರು ಕನ್ನಡಕ ಏರಿಸಿದರು.

“ನಾಗಲಿಂಗ, ನಿಮ್ಮ ಪಟ್ಟಿ ಸೊನ್ನೆಯಿಂದ ಎಣಿಸ್ತದ ಅಂತೀರಿ. ಹಾಗಾದ್ರ ಈ ಪ್ಯಾನಿನಾಗ ಎಷ್ಟು ತೋರಿಸಬೇಕು?”

“ಕಾಲು ಕೆ.ಜಿ. ಆಸುಪಾಸು, ಸರ್. ಗಾಳಿ ಹೀರಿ ತಗದೀವಲ್ಲ.”

ಗಾಜಿನೊಳಗೆ ಪಟ್ಟಿ ನೀಲಿಯಾಗಿತ್ತು. ಆಕಾಶದ ನೀಲಿ. ಹುದ್ದಾರರು ತಖ್ತೆಯನ್ನು ಹಿಡಿದು ಬೆರಳಾಡಿಸಿದರು. ತಖ್ತೆ ಹಸಿರಿನಿಂದ ಶುರು. ಹಸಿರಿಗೆ ಸೊನ್ನೆ. ಕಿತ್ತಳೆಗೆ ಒಂದು. ಕೆಂಪಿಗೆ ಎರಡು. ನೀಲಿ ಇಲ್ಲವೇ ಇಲ್ಲ. ಬಣ್ಣಗಳ ಸಾಲಿನಲ್ಲಿ ಹಸಿರಿನ ಹಿಂದೆ ಬರುವುದು ನೀಲಿ. ಅಂದರೆ ಸೊನ್ನೆಯ ಕೆಳಗೆ.

“ಏನೂ ಇಲ್ಲದ್ದಕ್ಕಿಂತ ಕಡಿಮಿ!” ಹುದ್ದಾರರು ಹೊಟ್ಟೆ ಹಿಡಿದುಕೊಂಡರು. “ನಾಗಲಿಂಗ, ಪ್ಯಾನಿನಾಗ ಏನೂ ಇಲ್ಲ, ಅದರಾಗಿಂದನೂ ನೀವು ಏನೋ ಕದ್ದುಬಿಟ್ಟೀರಿ!”

ಮಾಳಿಗೆ ನಕ್ಕಿತು. ನಾಗಲಿಂಗ ಕಿಟಕಿಗೆ ಮುಖ ಹಚ್ಚಿ ನೋಡುತ್ತ ನಿಂತ. ನೀಲಿ ಮಾತ್ರ ಅವನಿಗೆ ಕಾಣುತ್ತಿತ್ತು, ಪಾಪ.

“ಗುಳ್ಳಿ ಎಲ್ಲೋ ಸೋರಿರಬೇಕು, ಸರ್,” ಅಂದ. “ನನ್ನ ತಪ್ಪು.”

ನಾನು ಅವನ ಹೆಗಲ ಮೇಲೆ ಕೈಯಿಟ್ಟೆ. ಇಂಥ ಹೊತ್ತಿನಲ್ಲಿ ಹಿರಿಯನಾದವನು ಹೆಗಲ ಮೇಲೆ ಕೈಯಿಡಬೇಕು. ಆ ದಿನ ಕಾರ್ಖಾನೆಯ ಅಷ್ಟೂ ಗೇಜುಗಳು ನನ್ನನ್ನು ಹೊತ್ತು ಮೆರವಣಿಗೆ ಮಾಡಿದವು. ಮನೆಗೆ ಬಂದು ಬಿಸಿ ಅನ್ನಕ್ಕೆ ನಾನೇ ತುಪ್ಪ ಸುರಿದುಕೊಂಡೆ. ಕಸ್ತೂರಿ ಗಿಂಡಿಯನ್ನು ಕಸಿದು ಒಳಗಿಟ್ಟಳು.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಖಾನಾವಳಿಯಲ್ಲಿ ಆ ದೊಡ್ಡ ಕುಕ್ಕರಿನ ರಬ್ಬರ್ ಪಟ್ಟಿ ಸೀಳಿಹೋಯಿತು. ಬೇಳೆ ಛಾವಣಿಗೆ ಹಾರಿತು. ಹಬೆ ಅಡ್ಡಕ್ಕೆ ನುಗ್ಗಿ ದಾಕ್ಷಾಯಣಿಯ ಬಲಗೈಯನ್ನು ಮೊಣಕೈಯವರೆಗೆ ಬೇಯಿಸಿತು.

ಸುದ್ದಿ ಕೇಳಿದೊಡನೆ ನಾನು ಓಡಿದೆ. ಕಾರ್ಖಾನೆಯಿಂದ ಖಾನಾವಳಿಗೆ ಎರಡು ಮೈಲಿ, ಎರಡೇ ನಿಮಿಷದಲ್ಲಿ ಮುಟ್ಟಿದೆ. ಇನ್ನೂ ಚಿಮ್ಮುತ್ತಿದ್ದ ಹಬೆಯನ್ನು ಇದೇ ಹೆಬ್ಬೆರಳಿನಿಂದ ಮುಚ್ಚಿದೆ. ಊರಿನ ಬಹಳ ಜನಕ್ಕೆ ಈ ವಿಷಯ ಗೊತ್ತಿದೆ, ಏಕೆಂದರೆ ನಾನೇ ಹೇಳಿದ್ದೇನೆ.

ಮಧ್ಯಾಹ್ನದೊಳಗೆ ನಲವತ್ತು ಮನೆಯವರೂ ಕುಕ್ಕರುಗಳನ್ನು ತಂದು ಕಾಲೇಜಿನ ಗೇಟಿನ ಮುಂದೆ ಗುಡ್ಡೆ ಹಾಕಿದರು. ಗಾಜಿನ ಕಣ್ಣುಗಳು ಬಯಲಿನಲ್ಲಿ ಹಸಿರಾಗಿ ಮಿಟುಕುತ್ತಿದ್ದವು. ಗರಡಿಯವರು ಅಂಗೈ ಒರೆಸಿಕೊಂಡರು. ಕಾಲೇಜಿನವರು ನಾಗಲಿಂಗನನ್ನು ಕೆಲಸದಿಂದ ದೂರ ಇಟ್ಟು, ವಿಚಾರಣೆಗೆ ಸಂಕ್ರಾಂತಿಯ ಮಾರನೆ ದಿನ ಗೊತ್ತು ಮಾಡಿದರು. ತಪ್ಪು ಅವನದೇ ಎಂದು ತೀರ್ಮಾನವಾದರೆ ನೌಕರಿ ಹೋಗುತ್ತದೆ, ಪಟ್ಟಿ ಮಾಡುವ ಸಾಮಗ್ರಿಯೆಲ್ಲ ಜಪ್ತಿ.

ಹಬ್ಬದ ಹಿಂದಿನ ದಿನ ಅವನನ್ನು ನೋಡಲು ಹೋದೆ. ಹಿತ್ತಲಲ್ಲಿ ಕುಳಿತು ಪಟ್ಟಿಗಳನ್ನು ಒಂದೊಂದಾಗಿ ಕತ್ತರಿಸುತ್ತಿದ್ದ. ಚೂರುಗಳು ಅವನ ಕಾಲ ಸುತ್ತ ಹಸಿರಾಗಿ ಬಿದ್ದಿದ್ದವು. ಅವನಿಗೆ ಅವು ಮಣ್ಣಿನ ಬಣ್ಣವಾಗಿ ಕಂಡಿರಬೇಕು.

“ಲೆಕ್ಕ ನೂರು ಸಲ ತಿರುವಿ ಹಾಕಿದೆ ಅಣ್ಣಾರ. ಎಲ್ಲಿ ತಪ್ಪೇನಿ ಅನ್ನೂದು ಸಿಗವಲ್ದು. ದಾಕ್ಷಿ ಕೈ ನೋಡಿದರ ಉಣ್ಣಾಕ ಆಗವಲ್ದು.”

ನಾನು ಏನೋ ಒಂದು ದೊಡ್ಡ ಮಾತು ಹೇಳಿದೆ. ಯಾವುದೆಂದು ನೆನಪಿಲ್ಲ.

ವಿಚಾರಣೆಗೆ ಅಧ್ಯಕ್ಷರಾಗಿ ಬಂದವರು ನಿವೃತ್ತ ಪ್ರಾಧ್ಯಾಪಕಿ ಹೊಸಮನಿ ಮೇಡಂ. ಮೇಜಿನ ಮೇಲೆ ಒಂದು ಸಣ್ಣ ಹಳೆಯ ಪುಸ್ತಕ ಇಟ್ಟುಕೊಂಡಿದ್ದರು. ಯಾವ ಒತ್ತಡಕ್ಕೆ ಹಬೆ ಎಷ್ಟು ಬಿಸಿ ಎಂಬ ಕೋಷ್ಟಕ. ಒಂದು ಬದಿಗೆ ನಾಗಲಿಂಗ. ಅವನ ಪಕ್ಕ ದಾಕ್ಷಾಯಣಿ, ಬಲಗೈ ಬಿಳಿ ಪಟ್ಟಿಯಲ್ಲಿ. ಹಿಂದಿನ ಬೆಂಚಿನಲ್ಲಿ ಕಸ್ತೂರಿ, ಕೈಚೀಲ ತೊಡೆಯ ಮೇಲೆ. ನಡುವೆ ನಾನು, ತಜ್ಞನಾಗಿ.

ನಾನು ಎದ್ದು ನಿಂತು ಹಿತ್ತಾಳೆ ಕೊಳವೆಯಿಂದ ಶುರುಮಾಡಿದೆ. ಏಳು ಜಿಲ್ಲೆ ಹೇಳಿದೆ. ಹೆಬ್ಬೆರಳು ತೋರಿಸಿದೆ. ಅರ್ಧ ಗಂಟೆ ಆಗಿರಬೇಕು.

“ಮಾಮಾರ,” ದಾಕ್ಷಾಯಣಿ ಆಕಳಿಸಿದಳು, “ನನ್ನ ಕೈ ವಾಸಿ ಆಗೂದ್ರಾಗರ ಮುಗಸ್ತೀರೇನು?”

ಹೊಸಮನಿ ಮೇಡಂ ಕೈಯೆತ್ತಿದರು. “ಪತ್ತಾರ ಅವರೇ, ನನ್ನದು ಒಂದೇ ಪ್ರಶ್ನೆ. ತಖ್ತೆ ಮಾಡುವಾಗ ಉಷ್ಣಮಾಪಕ ಇಟ್ಟಿದ್ದಿರಾ?”

“ಇಟ್ಟಿದ್ದೆ ಮೇಡಂ! ನನ್ನ ಉಷ್ಣಮಾಪಕ ತಪ್ಪಿದ್ದು ಇತಿಹಾಸದಾಗ ಇಲ್ಲ.”

“ಪಟ್ಟಿ ಕಿತ್ತಳೆ ಆದಾಗ ಎಷ್ಟಿತ್ತು?”

“ನೂರಾಇಪ್ಪತ್ತು! ಒಂದು ಕೂದಲೆಳಿ ಹೆಚ್ಚಿಲ್ಲ, ಕಡಿಮಿ ಇಲ್ಲ.”

ಅವರು ಪುಸ್ತಕದ ಹಾಳೆ ತಿರುವಿ ಒಂದು ಸಾಲಿನ ಕೆಳಗೆ ಬೆರಳಿಟ್ಟರು. “ನೂರಾಇಪ್ಪತ್ತಕ್ಕೆ ಹಬೆಯ ಒತ್ತಡ, ಸೊನ್ನೆಯಿಂದ ಎಣಿಸಿದರೆ, ಎರಡು. ನಿಮ್ಮ ತಖ್ತೆಯಲ್ಲಿ ಕಿತ್ತಳೆಗೆ ಒಂದು ಅಂತಿದೆ. ಕುಕ್ಕರಿನ ಕಾರ್ಡಿನಲ್ಲಿ ನಾಗಲಿಂಗ ಏನು ಬರೆಸಿದ್ದಾರೆ? ‘ಎರಡಕ್ಕೆ ಬಂದಾಗ ಉರಿ ಸಣ್ಣ ಮಾಡಿ.’ ಅವರು ಸರಿಯಾಗೇ ಬರೆದರು. ನಲವತ್ತು ಮನೆಯ ಹೆಣ್ಣುಮಕ್ಕಳು ಅದೇ ಕಾರ್ಡಿನಲ್ಲಿ ಅಚ್ಚಾದ ನಿಮ್ಮ ತಖ್ತೆ ನೋಡಿ, ಎರಡು ಬರಲಿ ಅಂತ ತಿರುಪು ಬಿಗಿದರು. ಅಲ್ಲಿ ನಿಜವಾಗಿ ಮೂರಾಗಿತ್ತು.”

ಒತ್ತಡ ಮತ್ತು ಬಿಸಿ ಗಂಟು ಹಾಕಿದ ಗಂಡಹೆಂಡಿರು ಎಂದು ಹೇಳಿಕೊಟ್ಟವನೇ ನಾನು. ಒಬ್ಬನ ಬಾಯಿ ಕಟ್ಟಿ ಇನ್ನೊಬ್ಬಳನ್ನು ಮರೆತಿದ್ದೆ.

“ಅದು... ಅಭ್ಯಾಸ ಮೇಡಂ,” ಅಂದೆ. “ಬಾಯ್ಲರ್ ಮಂದಿ ನಾವು ಎಂದೂ ಒಂದು ಕೂಡಿಸೂದಿಲ್ಲ. ಮೂವತ್ತು ವರ್ಷದ ಕೈ. ಮರತೆ.”

“ಹೌದ್ರಿ ಮೇಡಂ.” ಎದ್ದು ನಿಂತವನು ನಾಗಲಿಂಗ. “ಕೂಡಿಸ್ರಿ ಅಂತ ನಾನ ಹೇಳಿರಲಿಕ್ಕಿಲ್ಲ. ನನ್ನ ತಪ್ಪು ಅಂತ ಬರಕೋರಿ. ಅಣ್ಣಾರು ಅಂಥವರಲ್ಲ.”

ಅವನು ಹೇಳಿದ್ದ. ನಮ್ಮ ಪಡಸಾಲೆಯಲ್ಲಿ, ದನಿ ತಗ್ಗಿಸಿ, ಹೇಳಿದ್ದ. ಅದು ಅವನಿಗೂ ನೆನಪಿತ್ತು, ನನಗೂ ನೆನಪಿತ್ತು.

ಕಾಗದದ ಸಪ್ಪಳವಾಯಿತು. ಕಸ್ತೂರಿ ಮುಂದೆ ಬಂದು ಕೈಚೀಲದಿಂದ ಅರಿಶಿನ ಹತ್ತಿದ ಒಂದು ಹಾಳೆ ತೆಗೆದಳು. ನಾಲ್ಕು ಮಡಿಕೆ ಬಿಚ್ಚಿ ಮೇಜಿನ ಮೇಲೆ ಹರವಿದಳು. ಒಂದು ಬದಿಗೆ ಕ್ಯಾಲೆಂಡರಿನ ನವೆಂಬರ್ ತಿಂಗಳು.

“ಹಬ್ಬಕ್ಕ ಒಗ್ಗರಣಿ ಡಬ್ಬಿ ತೊಳಿಯುವಾಗ ತಳದಾಗ ಸಿಕ್ಕಿತ್ರಿ ಮೇಡಂ. ಸಾಸಿವಿ ಅಂಟಬಾರದಂತ ನಾನ ಹಾಕಿದ್ದೆ. ಡಿಗ್ರಿ ಕೂಗಿದಾಕಿ ನಾನು. ಬರದದ್ದು ನಮ್ಮನಿಯವರ ಕೈ.”

ಹೊಸಮನಿ ಮೇಡಂ ಗಟ್ಟಿಯಾಗಿ ಓದಿದರು. “ನೀಲಿ, ಬರೀ ಪಂಪಿನಿಂದ ಗಾಳಿ ಹೀರಿದಾಗ, ಒಂದಕ್ಕಿಂತ ಕಡಿಮೆ. ಹಸಿರು, ಬಯಲಿನಲ್ಲಿ, ಒಂದು. ಕಿತ್ತಳೆ, ನೂರಾಇಪ್ಪತ್ತು ಡಿಗ್ರಿ, ಎರಡು. ಕೆಂಪು, ನೂರಾ ಮೂವತ್ತಮೂರು, ಮೂರು.”

ಎಲ್ಲ ಸಾಲಿಗೂ ಒಂದು ಕೂಡಿಸಿದ್ದೆ. ಚೊಕ್ಕವಾಗಿ.

“ಕೂಡಿಸಿ ಬರದಿದ್ರಿ,” ಕಸ್ತೂರಿ ನನ್ನನ್ನೇ ನೋಡಿದಳು. “ಆಮ್ಯಾಲೆ ತಗದ್ರಿ. ಯಾಕ್ರಿ?”

ಇಲ್ಲಿಗೆ ಬಂದು ನನ್ನ ಬಾಯಿ, ಏಳು ಜಿಲ್ಲೆಯಲ್ಲಿ ಪ್ರಸಿದ್ಧವಾದ ಬಾಯಿ, ನಿಂತಿತು. ಆಮೇಲೆ ಹೇಳಿದೆ. ವಿಚಾರಣೆಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ, ಹೆಚ್ಚಿಲ್ಲ, ಕಡಿಮೆಯಿಲ್ಲ.

ಒಂದು ಚಮಚ ತುಪ್ಪಕ್ಕೆ ಮಾಡಿದೆ. ಪ್ಯಾನಿನಲ್ಲಿ ಪಟ್ಟಿ ನೀಲಿಯಾಗುತ್ತದೆ ಎಂದು ನನಗೆ ಗೊತ್ತಿತ್ತು, ಅದಕ್ಕೇ ಚೊಕ್ಕ ಪ್ರತಿಯಲ್ಲಿ ನೀಲಿಯ ಸಾಲನ್ನೇ ಬಿಟ್ಟು, ಎಲ್ಲದರಿಂದ ಒಂದು ಕಳೆದೆ. ಸೊನ್ನೆಯಿಂದ ಎಣಿಸುತ್ತೇನೆ ಎಂದವನು ಸೊನ್ನೆಯ ಕೆಳಗೆ ಬಿದ್ದು ಎಲ್ಲರೆದುರು ನಗೆಪಾಟಲಾಗಲಿ, ಅಷ್ಟೇ ನನಗೆ ಬೇಕಿದ್ದದ್ದು. ಬಣ್ಣ ಕಾಣದವನು ತನ್ನ ಕಣ್ಣೆಂದು ನನ್ನನ್ನು ನಂಬಿದ್ದ, ಆದ್ದರಿಂದ ಸುಲಭವಾಯಿತು. ಅದೇ ತಖ್ತೆ ಅಡುಗೆಮನೆಗಳಿಗೂ ಹೋಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ಗುರುವಾರ ಹೊಳೆಯಿತು. ಖಾನಾವಳಿಯ ಗೋಡೆಯ ಮೇಲಿನ ಕಾರ್ಡು ನೋಡಿದಾಗ. ಕುಕ್ಕರಿನ ಕಣ್ಣು ಕೆಂಪಗಿತ್ತು. ಬೇಳೆ ಯಾಕೆ ಅಷ್ಟು ಬೇಗ ಕರಗುತ್ತದೆ ಎಂದು ಆ ಊರಿನಲ್ಲಿ ಗೊತ್ತಿದ್ದವನು ನಾನೊಬ್ಬನೇ. ‘ದಾಕ್ಷಿ, ಕಿತ್ತಳಿಗೆ ನಿಲ್ಲಸು’ ಎಂದಿದ್ದರೆ ಮೂರು ಶಬ್ದ. ಹೇಳಿದ್ದರೆ ಶುಕ್ರವಾರದ ಪರೀಕ್ಷೆಗೆ ಮುಂಚೆ ಗುಟ್ಟು ಒಡೆಯುತ್ತಿತ್ತು. ಶನಿವಾರ ಹೇಳಿದರಾಯಿತು ಎಂದುಕೊಂಡೆ. ಶನಿವಾರ ಎದ್ದವನು ಮೊದಲು ಚಹಾ ಕುಡಿದೆ.

ಮೇಡಂ ಬರೆದುಕೊಂಡರು. ನಾಗಲಿಂಗ ಎದ್ದು ಬಂದು, ಜೇಬಿನಿಂದ ಒಂದು ಪಟ್ಟಿ ತೆಗೆದು ಮೇಜಿನ ಮೇಲಿಟ್ಟ. ಕತ್ತರಿಸದೆ ಉಳಿದದ್ದು.

“ಅಣ್ಣಾರ, ಇದು ಯಾವ ಬಣ್ಣ?”

“ಹಸಿರು,” ಅಂದೆ.

“ಎಷ್ಟು?”

“ಒಂದು.”

“ಬರಕೋರಿ ಮೇಡಂ,” ಅಂದ. ನನ್ನ ಮುಖ ನೋಡಲಿಲ್ಲ.

ದಾಕ್ಷಾಯಣಿ ಎಡಗೈಯಿಂದ ಸೆರಗು ಸರಿಮಾಡಿಕೊಂಡು ಎದ್ದಳು. “ಅವರು ನಿಮ್ಮನ್ನ ಮಾಫ್ ಮಾಡಿದರೂ ಮಾಡಬಹುದು ಮಾಮಾರ, ಅವರ ಸ್ವಭಾವ ಹಂಗ. ನಾನು ಕೈ ಆರಿದಮ್ಯಾಲೆ ವಿಚಾರ ಮಾಡತೀನಿ. ಅಲ್ಲೀತನಕ ಖಾನಾವಳ್ಯಾಗ ಪಾತ್ರಿ ತೊಳಿಯಾಕ ಬರ್ರಿ. ಸೋಮವಾರದಿಂದ.”

ಹೋಗುತ್ತಿದ್ದೇನೆ. ನಾಗಲಿಂಗನಿಗೆ ನೌಕರಿ ಉಳಿಯಿತು. ಕಾರ್ಖಾನೆಯವರು ನನ್ನನ್ನು ಗೇಜಿನಿಂದ ತೆಗೆದು ಬಗಾಸಿನ, ಅಂದರೆ ಹಿಂಡಿದ ಕಬ್ಬಿನ ಸಿಪ್ಪೆಯ, ರಾಶಿಯ ಕಾವಲಿಗೆ ಹಾಕಿದ್ದಾರೆ, ನನ್ನ ತೂಕದ ಯಂತ್ರ ಈಗ ಅವನ ಪ್ರಯೋಗಾಲಯದಲ್ಲಿದೆ. ಹೊಸ ತಖ್ತೆಯ ಬಣ್ಣವನ್ನು ನೋಡಿ ಹೇಳುವವಳು ಕಸ್ತೂರಿ. ಈ ದೀಪಾವಳಿಗೆ ಮಾವನ ಮನೆಯಿಂದ ನನಗೆ ಕರೆ ಬರುತ್ತದೋ ಇಲ್ಲವೋ ಗೊತ್ತಿಲ್ಲ.

ಖಾನಾವಳಿಗೆ ನಾನು ಓಡಿದ್ದು ಸುಳ್ಳು. ಆ ಬೆಳಿಗ್ಗೆ ಸುದ್ದಿ ಬಂದಾಗ ಬಾಯ್ಲರಿನ ಹಿಂದೆ ಹೋಗಿ ಕುಳಿತೆ. ಹೋಳಿಗೆ ತಿಂದದ್ದು ನಾಲ್ಕೇ. ಇನ್ನು ಹೆಬ್ಬೆರಳು. ಇಷ್ಟು ಹೊತ್ತೂ ಹಿಂದೆ ನಿಂತು ಓದುತ್ತಿದ್ದ ಕಸ್ತೂರಿ ಈಗ ಬೆರಳು ತೋರಿಸಿ, “ಅದನ್ನೂ ಬರೀರಿ” ಅನ್ನುತ್ತಿದ್ದಾಳೆ. ಬರೆಯುತ್ತೇನೆ. ಮದುವೆಯಾದ ಹೊಸತರಲ್ಲಿ ಅವಳ ಚಹಾದ ಕೆಟಲನ್ನು ಬಟ್ಟೆಯಿಲ್ಲದೆ ಎತ್ತಲು ಹೋಗಿ ಸುಟ್ಟುಕೊಂಡದ್ದು. ಮುಚ್ಚಳವೂ ಇಲ್ಲದ ಕೆಟಲ್. ಬಿಸಿ ನೂರು ಡಿಗ್ರಿ. ಒತ್ತಡ, ನನ್ನ ಗೇಜಿನ ಲೆಕ್ಕದಲ್ಲಿ, ಸೊನ್ನೆ.

ಕೂಡಿಸಿ ಬರೆದರೆ, ಒಂದು.